ಹೆಡ್ ಹೋಗಿದೆ ಅನ್ನೋ ಮುಂಚೆ

ಇಂಕ್‌ಜೆಟ್ ಪ್ರಿಂಟರಲ್ಲಿ ಅಕ್ಷರ ಸರಿಯಾಗಿ ಬರ್ತಿಲ್ಲ ಅಂತ ಯಾರ ಹತ್ರ ಹೇಳಿದ್ರೂ ಸಿಗೋ ಉತ್ತರ ಒಂದೇ, ಹೆಡ್ (ಹಾಳೆ ಮೇಲೆ ಇಂಕ್ ಬಿಡೋ ಭಾಗ) ಹೋಗಿದೆ. ಅಂಗಡಿಗೆ ಹೊತ್ಕೊಂಡು ಹೋದ್ರೂ ಒಂದು ಹಾಳೆ ಪ್ರಿಂಟ್ ಕೊಟ್ಟು ನೋಡ್ತಾರೆ, ಕಪ್ಪು ಬರ್ತಿಲ್ಲ ಅಂದ್ಕೂಡ್ಲೇ ಹೆಡ್ ಬದಲಾಯಿಸ್ಬೇಕು, ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಸದೇ ಬರುತ್ತಲ್ಲ ಅಂತಾರೆ. ನಾವೂ ತಲೆ ಆಡಿಸಿ ಬರ್ತೀವಿ. ಆದ್ರೆ ಹೆಡ್ ಹೋಗಿರೋದಕ್ಕೂ ಕಟ್ಟಿಕೊಂಡಿರೋದಕ್ಕೂ ತುಂಬಾ ವ್ಯತ್ಯಾಸ ಇದೆ, ಆ ವ್ಯತ್ಯಾಸ ಯಾವುದು ಅಂತ ಮನೇಲೇ ಕೂತು ಪತ್ತೆ ಮಾಡಬಹುದು, ಕಟ್ಟಿಕೊಂಡಿದ್ರೆ ಮನೇಲೇ ಬಿಡಿಸಲೂಬಹುದು. ಅದಕ್ಕೆ ಬೇಕಾಗಿರೋದು ಸ್ವಲ್ಪ ಶುದ್ಧ ನೀರು, ಒಂದು ಸಿರಿಂಜು, ಮತ್ತೆ ಸುಮ್ಮನೆ ಕಾಯೋ ತಾಳ್ಮೆ. ಮೂರನೇದು ಇಲ್ಲದೇ ಇರೋದ್ರಿಂದಲೇ ಎಷ್ಟೋ ಒಳ್ಳೇ ಪ್ರಿಂಟರ್‌ಗಳು ಗುಜರಿ ಸೇರ್ತಿವೆ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಾವಿರೋದು ಚಿತ್ರದುರ್ಗದಲ್ಲಿ. 2020ರಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಎಷ್ಟೋ ಮನೆಗಳ ಥರ ನಮ್ಮನೆಗೂ ಒಂದು ಇಂಕ್ ಟ್ಯಾಂಕ್ ಪ್ರಿಂಟರ್ ಬಂತು. ಸ್ಕೂಲು ಮತ್ತೆ ತೆರೆದ ಮೇಲೆ ಮಕ್ಕಳ ವರ್ಕ್‌ಶೀಟು ಕಮ್ಮಿ ಆಯ್ತು, ಆಗ ಅದನ್ನ ಪೂರ್ತಿ ವಹಿಸಿಕೊಂಡಿದ್ದು ಅಮ್ಮ. ಅವರ ಭಜನಾ ಮಂಡಳಿಯಲ್ಲಿ ಮುಕ್ಕಾಲು ಪಾಲು ಜನಕ್ಕೆ ಅರವತ್ತು ದಾಟಿದೆ, ಪುಸ್ತಕದ ಅಕ್ಷರ ಕಣ್ಣಿಗೆ ಸಾಲಲ್ಲ, ಹಾಗಾಗಿ ದಾಸರ ಪದಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಸಿ ಒಂದೊಂದು ಹಾಡಿಗೆ ಒಂದೊಂದು ಹಾಳೆ ಮಾಡಿ ಹಂಚೋದು ಅವರ ಕೆಲಸ. ಬೇಸಿಗೆ ರಜೆಗೆ ನಾವೆಲ್ಲ ಊರಿಗೆ ಹೋಗಿ ಬಂದ ಮೇಲೆ ಪ್ರಿಂಟ್ ಕೊಟ್ರೆ ಪ್ರತಿ ಸಾಲಿನ ಮೇಲೂ ಅಡ್ಡಡ್ಡ ಬಿಳಿ ಗೆರೆ.

ಇಂಗ್ಲಿಷ್ ಪೇಜಲ್ಲಿ ಇಂಥ ಗೆರೆ ಬಿದ್ರೆ ಹೇಗೋ ಓದ್ಕೊಳ್ಳಬಹುದು. ಕನ್ನಡದಲ್ಲಿ ಅದು ಆಗಲ್ಲ, ಯಾಕಂದ್ರೆ ನಮ್ಮ ಅಕ್ಷರದ ಅರ್ಧ ಜೀವ ಸಣ್ಣ ಸಣ್ಣ ಗೀರುಗಳಲ್ಲಿದೆ. ಧ ಕೆಳಗಿನ ಗೀರು ಆ ಬಿಳಿ ಗೆರೆಗೆ ಸಿಕ್ಕಿದ್ರೆ ದ ಆಗಿಹೋಗುತ್ತೆ, ಭ ಬ ಆಗುತ್ತೆ, ಒತ್ತಕ್ಷರ ಇರೋ ಜಾಗಕ್ಕೇ ಗೆರೆ ಬಂದ್ರೆ ಆ ಸಾಲಿನ ಒತ್ತೆಲ್ಲ ಮಾಯ. ಅಮ್ಮ ಹಾಳೆನ ಬೆಳಕಿಗೆ ಹಿಡಿದು ನೋಡಿ, "ಒತ್ತೇ ಕಾಣ್ತಿಲ್ಲ ಕಣೋ, ನಾನೇನೋ ಬಾಯಿಪಾಠ ಹೇಳ್ಕೋತೀನಿ, ಹೊಸದಾಗಿ ಸೇರಿರೋರು ಏನ್ ಮಾಡ್ಬೇಕು?" ಅಂದ್ರು. ಪರಿಚಯದ ರಿಪೇರಿಯವರು ಫೋನಲ್ಲೇ ಹೆಡ್ ಹೋಗಿದೆ ಅಂದ್ರು, ಹೊಸ ಹೆಡ್ಡಿಗೆ ಅವರು ಹೇಳಿದ ರೇಟು ಪ್ರಿಂಟರಿನ ಬೆಲೆಯ ಅರ್ಧ ದಾಟಿತ್ತು. ಅಷ್ಟು ದುಡ್ಡು ಹಾಕೋಕೆ ಮುಂಚೆ ಒಳಗೆ ಏನಾಗಿದೆ ಅಂತ ತಿಳ್ಕೊಳ್ಳೋಣ ಅಂತ ನಾನು ಕೂತೆ.

ಹೆಡ್ ಅಂದ್ರೆ ಏನು ಅಂತ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದ್ದು ಅರ್ಥ ಆಗಲ್ಲ. ಹಾಳೆ ಮೇಲೆ ಎಡಕ್ಕೂ ಬಲಕ್ಕೂ ಓಡಾಡೋ ಡಬ್ಬಿಯ ತಳದಲ್ಲಿ ಒಂದು ಚಿಕ್ಕ ತಗಡು ಇರುತ್ತೆ, ಅದರಲ್ಲಿ ಸಾಲಾಗಿ ತೂತುಗಳು, ಅವನ್ನೇ ನಾಜಲ್ ಅನ್ನೋದು. ಮನೆಗಳಲ್ಲಿ ಹೆಚ್ಚಾಗಿ ಕಾಣೋ ಮಾದರಿಯಲ್ಲಿ ಕಪ್ಪಿಗೆ 180 ನಾಜಲ್, ಮಿಕ್ಕ ಮೂರು ಬಣ್ಣಕ್ಕೆ ತಲಾ 59. ಒಂದೊಂದು ತೂತಿನ ಅಗಲ ಸುಮಾರು 20 ಮೈಕ್ರಾನ್, ಅಂದ್ರೆ ನಮ್ಮ ತಲೆಕೂದಲಿಗಿಂತ ಎಷ್ಟೋ ಸಣ್ಣ. ಅಲ್ಲಿಂದ ಹೊರಬೀಳೋ ಹನಿ ಕೆಲವೇ ಪಿಕೋಲೀಟರ್, ಒಂದು ಪಿಕೋಲೀಟರ್ ಅಂದ್ರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಹೆಡ್ ಅಡ್ಡಕ್ಕೆ ಓಡೋದ್ರಿಂದ ಒಂದು ನಾಜಲ್ ಮುಚ್ಚಿದ್ರೂ ಅದು ಹೋಗೋ ದಾರಿ ಉದ್ದಕ್ಕೂ ಒಂದು ಬಿಳಿ ಗೆರೆ ಉಳಿಯುತ್ತೆ. ನಮ್ಮ ಹಾಳೆಯಲ್ಲಿ ಒತ್ತು ತಿಂದಿದ್ದು ಇದೇ.

ಹನಿ ಹೊರಗೆ ತಳ್ಳೋಕೆ ಎರಡು ದಾರಿ ಇವೆ. ಕ್ಯಾನನ್, ಎಚ್‌ಪಿ ಥರದವರದ್ದು ಬಿಸಿ ಮಾಡೋ ದಾರಿ. ನಾಜಲ್ ಹಿಂದಿರೋ ಪುಟ್ಟ ಹೀಟರ್ ಕಣ್ಣು ಮಿಟುಕಿಸೋದ್ರೊಳಗೆ 300 ಡಿಗ್ರಿ ಆಸುಪಾಸು ಕಾಯುತ್ತೆ, ಇಂಕಲ್ಲಿ ಗುಳ್ಳೆ ಏಳುತ್ತೆ, ಗುಳ್ಳೆ ಹನೀನ ಆಚೆ ನೂಕುತ್ತೆ. 1977ರಲ್ಲಿ ಕ್ಯಾನನ್ನಿನ ಇಚಿರೊ ಎಂಡೊ ಅನ್ನೋ ಸಂಶೋಧಕರ ಲ್ಯಾಬಲ್ಲಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ಬಿಸಿ ಸೋಲ್ಡರಿಂಗ್ ಐರನ್ ತಾಗಿ ತುದಿಯಿಂದ ಇಂಕ್ ಚಿಮ್ಮಿತಂತೆ, ಅಲ್ಲಿಂದ ಹುಟ್ಟಿದ ಯೋಚನೆ ಇದು. 1984ರಲ್ಲಿ ಎಚ್‌ಪಿಯ ಥಿಂಕ್‌ಜೆಟ್, 1985ರಲ್ಲಿ ಕ್ಯಾನನ್ನಿನ ಬಬಲ್ ಜೆಟ್ ಬಿಜೆ-80 ಇದೇ ದಾರೀಲಿ ಬಂದ್ವು. ಎಪ್ಸನ್, ಬ್ರದರ್ ಹಿಡಿದಿದ್ದು ಪೀಜೋ ದಾರಿ, ಕರೆಂಟ್ ಕೊಟ್ರೆ ಬಾಗೋ ಒಂದು ಹರಳು ಇಂಕನ್ನ ಒತ್ತುತ್ತೆ, ಬಿಸಿ ಇಲ್ಲ. ಎರಡರಲ್ಲೂ ಒಳಗಿನ ದಾರಿ ಅಷ್ಟೇ ಸಣ್ಣದು, ಎರಡೂ ಕಟ್ಟಿಕೊಳ್ತವೆ. ಬಿಸಿ ಮಾಡೋ ಹೆಡ್ಡಲ್ಲಿ ಮಾತ್ರ ಇನ್ನೊಂದು ಅಪಾಯ ಇದೆ, ಇಂಕ್ ಬರದೇ ಇದ್ದಾಗ್ಲೂ ಪ್ರಿಂಟ್ ಕೊಡ್ತಾ ಹೋದ್ರೆ ಹೀಟರ್ ಒಣಗಿ ಕಾದು ಸುಟ್ಟುಹೋಗುತ್ತೆ, ಹಾಗಾಗಿ ಅಂಥಾ ಪ್ರಿಂಟರ್ ಇರೋರು ಬಣ್ಣ ಬರ್ತಿಲ್ಲ ಅಂದ್ರೆ ಹಾಳೆ ಮೇಲೆ ಹಾಳೆ ಹಾಕಿ ನೋಡೋದನ್ನ ಅಲ್ಲೇ ನಿಲ್ಲಿಸ್ಬೇಕು.

ಇಂಕಲ್ಲಿ ಬಹುಪಾಲು ಇರೋದು ನೀರು. ಅದು ಬೇಗ ಒಣಗದೇ ಇರ್ಲಿ ಅಂತ ಗ್ಲಿಸರಿನ್, ಗ್ಲೈಕಾಲ್ ಥರದ್ದು ಸೇರಿಸಿರ್ತಾರೆ, ಆದ್ರೂ ನಮ್ಮ ಬಯಲುಸೀಮೆ ಏಪ್ರಿಲ್ ಗಾಳಿ ಮುಂದೆ ಅದು ಎಷ್ಟು ದಿನ ತಡೆಯುತ್ತೆ ಹೇಳಿ. ಕೆಲಸ ಇಲ್ಲದಾಗ ಹೆಡ್ ಬಲಗಡೆ ಮೂಲೆಗೆ ಹೋಗಿ ಒಂದು ರಬ್ಬರ್ ಅಂಚಿನ ಕ್ಯಾಪ್ ಮೇಲೆ ಕೂರುತ್ತೆ, ಕ್ಯಾಪ್ ಒಳಗೆ ಸ್ಪಂಜು ಇದೆ, ಅದರ ತೇವದಲ್ಲಿ ನಾಜಲ್ ಒಣಗದೆ ಇರುತ್ತೆ. ಪ್ರಿಂಟ್ ನಡೀತಿರೋವಾಗ ಕರೆಂಟ್ ಹೋದ್ರೆ ಹೆಡ್ ದಾರಿ ಮಧ್ಯ ನಿಂತುಬಿಡುತ್ತೆ, ಕ್ಯಾಪ್‌ವರೆಗೆ ಹೋಗೋಕಾಗಲ್ಲ. ಕರೆಂಟ್ ಬಂದಾಗ ಯಾರಾದ್ರೂ ಆನ್ ಮಾಡಿದ್ರೆ ಸರಿ, ಇಲ್ಲಾಂದ್ರೆ ಬಾಯಿ ತೆರ್ಕೊಂಡು ಒಣಗ್ತಾ ಇರುತ್ತೆ. ಊರಿಗೆ ಹೊರಡೋ ಗಡಿಬಿಡೀಲಿ ಗೋಡೆ ಸ್ವಿಚ್ಚು ತಟ್ಟಿ ಹೋಗೋದು ನಮ್ಮಲ್ಲಿ ಎಲ್ಲರ ಮನೆಯ ರೂಢಿ, ಪ್ರಿಂಟರಿಗೆ ಮಾತ್ರ ಮೊದಲು ಅದರದ್ದೇ ಪವರ್ ಬಟನ್ ಒತ್ತಿ, ಅದು ಸದ್ದು ಮಾಡ್ಕೊಂಡು ಮೂಲೆಗೆ ಹೋಗಿ ಲೈಟ್ ಆರಿದ ಮೇಲೆ ಗೋಡೆ ಸ್ವಿಚ್ಚಿಗೆ ಕೈ ಹಾಕ್ಬೇಕು. ಕ್ಯಾಪ್ ಮೇಲೆ ಸರಿಯಾಗಿ ಕೂತ್ರೂ ರಬ್ಬರ್ ಅಂಚಿನ ಮೇಲೆ ಹಳೇ ಇಂಕ್ ಗಟ್ಟಿಯಾಗಿದ್ರೆ ಸಂದಿಯಲ್ಲಿ ಗಾಳಿ ಆಡುತ್ತೆ, ಒಣಗೋದು ನಿಲ್ಲಲ್ಲ. ಮಲೆನಾಡಲ್ಲಿರೋ ನಮ್ಮ ನೆಂಟರಿಗೆ ಈ ತೊಂದ್ರೆ ಅಷ್ಟಿಲ್ಲ, ಅವರದ್ದೇನಿದ್ರೂ ಹಾಳೆ ತಣ್ಣಗಾಗಿ ಅಂಟ್ಕೊಳ್ಳೋ ಗೋಳು.

ಗೆರೆ ಕಂಡ ತಕ್ಷಣ ಎಲ್ಲರೂ ಮಾಡೋದು ಕಂಪ್ಯೂಟರಲ್ಲಿ ಹೆಡ್ ಕ್ಲೀನಿಂಗ್ ಒತ್ತೋದು. ಒಂದು ಸಲ, ಎರಡು ಸಲ ಒತ್ತೋದು ಸರಿಯೇ. ಆದ್ರೆ ಆಗ ಒಳಗೆ ಏನು ನಡೆಯುತ್ತೆ ಅಂದ್ರೆ, ಕ್ಯಾಪ್ ಕೆಳಗಿರೋ ಪಂಪು ನಾಜಲ್‌ಗಳಿಂದ ಇಂಕನ್ನ ಎಳೆಯುತ್ತೆ, ಎಳೆದ ಇಂಕೆಲ್ಲ ಪ್ರಿಂಟರಿನ ತಳದಲ್ಲಿರೋ ದಪ್ಪ ಪ್ಯಾಡಿಗೆ ಹೋಗಿ ಸೇರುತ್ತೆ. ಎಷ್ಟು ಹೋಯ್ತು ಅಂತ ಪ್ರಿಂಟರ್ ಲೆಕ್ಕ ಇಡುತ್ತೆ, ಲೆಕ್ಕ ತುಂಬಿದ ದಿನ ಪ್ಯಾಡ್ ಆಯಸ್ಸು ಮುಗೀತು ಅಂತ ಮೆಸೇಜ್ ತೋರಿಸಿ ಕೆಲಸ ನಿಲ್ಲಿಸಿಬಿಡುತ್ತೆ. ಅಂದ್ರೆ ಸಿಟ್ಟಲ್ಲಿ ಹತ್ತು ಹದಿನೈದು ಸಲ ಒತ್ತಿದ್ರೆ ಒಂದು ರಿಪೇರಿ ಹೋಗಿ ಎರಡಾಗುತ್ತೆ, ಇಂಕಿನ ದುಡ್ಡು ಬೇರೆ. ಅದಲ್ದೆ ಪೂರ್ತಿ ಒಣಗಿ ಮುಚ್ಚಿರೋ ನಾಜಲ್‌ಗೆ ಈ ಎಳೆತ ತಾಕೋದೇ ಇಲ್ಲ, ಪಕ್ಕದಲ್ಲಿ ತೆರೆದಿರೋ ನಾಜಲ್‌ಗಳಿಂದ ಇಂಕ್ ಸಲೀಸಾಗಿ ಹರಿದು ಹೋಗುತ್ತೆ ಅಷ್ಟೇ. ಮ್ಯಾನ್ಯುಯಲ್‌ಗಳಲ್ಲೇ ಬರೆದಿರ್ತಾರೆ, ಮೂರು ಸಲ ಮಾಡಿದ್ರೂ ಸರಿ ಹೋಗದಿದ್ರೆ ಆಫ್ ಮಾಡಿ ಕನಿಷ್ಠ 12 ಗಂಟೆ ಬಿಡಿ ಅಂತ. ಆ ಸಾಲನ್ನ ಯಾರೂ ಓದಲ್ಲ, ಓದಿದ್ರೂ ಸುಮ್ನೆ ಬಿಟ್ರೆ ಹೇಗೆ ಸರಿಯಾಗುತ್ತೆ ಅಂತ ನಂಬಲ್ಲ. ಪವರ್ ಕ್ಲೀನಿಂಗ್ ಅಂತ ಇನ್ನೊಂದಿದೆ, ಅದು ಟ್ಯಾಂಕಿಂದ ಹೆಡ್ಡಿಗೆ ಹೋಗೋ ಟ್ಯೂಬಲ್ಲಿರೋ ಇಂಕನ್ನೆಲ್ಲ ಎಳೆದು ಹೊಸದು ತುಂಬುತ್ತೆ, ಟ್ಯಾಂಕಲ್ಲಿ ಮೂರನೇ ಒಂದು ಭಾಗವಾದ್ರೂ ಇಂಕ್ ಇಲ್ಲದೆ ಅದನ್ನ ಮುಟ್ಟಲೇಬಾರದು, ಗಾಳಿ ಎಳ್ಕೊಂಡುಬಿಡುತ್ತೆ.

ಇನ್ನು ನೀರಿನ ವಿಷಯ. ನಲ್ಲಿ ನೀರು ಬೇಡ, ಬೋರ್ ನೀರಂತೂ ಬೇಡವೇ ಬೇಡ. ನಮ್ಮ ಕಡೆ ಗೀಸರ್ ಕಾಯಿಲ್ ಬಿಚ್ಚಿದ್ರೆ ಬಿಳಿ ಗಡುಸು ಪದರ ಕಾಣುತ್ತಲ್ಲ, ಅದೇ ಸುಣ್ಣದ ಅಂಶ 20 ಮೈಕ್ರಾನ್ ತೂತಿನೊಳಗೆ ಕೂತ್ರೆ ಆಮೇಲೆ ಯಾವ ದೇವರೂ ಬಿಡಿಸಲ್ಲ. ಆರ್‌ಒ ನೀರಲ್ಲೂ ಲವಣ ಸ್ವಲ್ಪ ಉಳಿದಿರುತ್ತೆ. ಮನೇಲಿ ಯುಪಿಎಸ್ ಇದ್ರೆ ಅದರ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಕ್ಯಾನ್ ಮೂಲೇಲಿ ಇದ್ದೇ ಇರುತ್ತೆ, ಅದು ಸಾಕು. ಅಂಗಡೀಲಿ ಹೊಸದಾಗಿ ತಗೊಳ್ಳೋರು ಡಿಸ್ಟಿಲ್ಡ್ ವಾಟರ್ ಅಂತಲೇ ಕೇಳಿ ಲೇಬಲ್ ಓದಿ ತಗೊಳ್ಳಿ, ಅದೇ ಶೆಲ್ಫಲ್ಲಿ ಬ್ಯಾಟರಿ ಆಸಿಡ್ಡೂ ಇಟ್ಟಿರ್ತಾರೆ. ಸ್ಪಿರಿಟ್, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಅಂತ ಹೇಳೋರು ಬಹಳ ಜನ ಇದ್ದಾರೆ, ಮೊದಲ ದಿನವೇ ಅದಕ್ಕೆ ಹೋಗೋದು ನನಗೆ ಇಷ್ಟ ಇಲ್ಲ, ಹೆಡ್ಡಿನ ಪದರಗಳನ್ನ ಹಿಡಿದಿಟ್ಟಿರೋ ಅಂಟಿಗೆ ಅದು ಒಳ್ಳೇದಲ್ಲ. ಅಸಿಟೋನ್, ಅಂದ್ರೆ ನೇಲ್ ಪಾಲಿಶ್ ತೆಗೆಯೋದು, ಅದನ್ನ ಹತ್ರಕ್ಕೂ ತರಬೇಡಿ.

ಕೆಲಸ ಶುರು ಮಾಡಿದ್ದು ಕ್ಯಾಪಿನಿಂದ. ಹೆಡ್ ಮೂಲೆಯಲ್ಲಿ ಲಾಕ್ ಆಗಿ ಕೂತಿರುತ್ತೆ, ಕೈಯಲ್ಲಿ ಎಳೆದ್ರೆ ಬರಲ್ಲ, ಎಳೀಲೂಬಾರದು. ಪವರ್ ಬಟನ್ ಒತ್ತಿದಾಗ ಅದೇ ಲಾಕ್ ಬಿಟ್ಟು ಎಡಕ್ಕೆ ಸರಿಯುತ್ತೆ, ಮಧ್ಯಕ್ಕೆ ಬಂದಾಗ ಪ್ಲಗ್ ಕಿತ್ತುಬಿಟ್ರೆ ಅಲ್ಲೇ ನಿಲ್ಲುತ್ತೆ. ಸುಮ್ ಸುಮ್ನೆ ಪ್ಲಗ್ ಕೀಳಬಾರದು ಅಂತ ಮೇಲೆ ಹೇಳಿದೆ, ಇದೊಂದಕ್ಕೆ ಮಾತ್ರ ವಿನಾಯಿತಿ. ಆಮೇಲೆ ಬೆರಳಲ್ಲಿ ಮೆಲ್ಲಗೆ ತಳ್ಳಿದ್ರೆ ಹೆಡ್ ಆಚೀಚೆ ಸರಿಯುತ್ತೆ. ಹೆಡ್ ಹಿಂದೆ ಉದ್ದಕ್ಕೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಇರುತ್ತೆ, ನೋಡಿದ್ರೆ ಏನೂ ಇಲ್ಲ ಅನ್ಸುತ್ತೆ, ಹೆಡ್ ತಾನು ಎಲ್ಲಿದೀನಿ ಅಂತ ತಿಳ್ಕೊಳ್ಳೋದೇ ಅದರ ಮೇಲಿನ ಸೂಕ್ಷ್ಮ ಗೆರೆಗಳನ್ನ ಓದಿ, ಅದಕ್ಕೆ ಕೈ ಜಿಡ್ಡಾಗಲೀ ಇಂಕಾಗಲೀ ತಾಗದ ಹಾಗೆ ನೋಡ್ಕೊಳ್ಳಿ. ಮೂಲೆಗೆ ಟಾರ್ಚ್ ಬಿಟ್ಟು ನೋಡಿದಾಗ ಕ್ಯಾಪಿನ ಸ್ಪಂಜೇ ಕಾಣ್ತಿರ್ಲಿಲ್ಲ, ನಾಲ್ಕೂ ಬಣ್ಣ ಬೆರೆತು ಕಾಡಿಗೆ ಥರ ಮಂದವಾಗಿ ಮೆತ್ತಿಕೊಂಡಿತ್ತು, ಪಕ್ಕದಲ್ಲಿ ನಾಜಲ್ ಒರೆಸೋ ರಬ್ಬರ್ ವೈಪರಿನ ಅಂಚಿಗೂ ಅದೇ. ಇಂಥ ವೈಪರ್ ಪ್ರತಿ ಸಲ ಒರೆಸಿದಾಗ್ಲೂ ಕೊಳೆನೇ ಬಳಿಯುತ್ತೆ ಅಂತ ಯೋಚಿಸಿ ನೋಡಿ. 5 ಎಂಎಲ್ ಸಿರಿಂಜು ತಗೊಂಡು, ಸೂಜಿ ತೆಗೆದು, ಕ್ಯಾಪ್ ತುಂಬಾ ಡಿಸ್ಟಿಲ್ಡ್ ವಾಟರ್ ಹನಿ ಹನಿಯಾಗಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅಂಚಿಂದ ನೀಲಿ ಬಿಡ್ತು, ಆಮೇಲೆ ಕೆಂಪು, ಕಪ್ಪು ಕೊನೆಗೆ. ಅದನ್ನ ಸಿರಿಂಜಲ್ಲೇ ವಾಪಸ್ ಎಳೆದು ಚೆಲ್ಲಿ, ಮತ್ತೆ ಹೊಸ ನೀರು ಬಿಟ್ಟು, ಹೀಗೆ ಸ್ಪಂಜು ಕಣ್ಣಿಗೆ ಕಾಣೋವರೆಗೂ ಮಾಡಿದೆ. ವೈಪರಿನ ಅಂಚನ್ನ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಇಯರ್ ಬಡ್ ಬಳಸಬಹುದು, ಆದ್ರೆ ಹತ್ತಿಯ ಎಳೆ ಒಂದೇ ಒಂದು ಉಳಿದ್ರೂ ಅದು ನಾಜಲ್ ಮೇಲೆ ಇಂಕ್ ಹರಡುತ್ತೆ, ಹಾಗಾಗಿ ಮೇಲೊಂದು ತೆಳು ಬಟ್ಟೆ ಸುತ್ತಿದ್ರೆ ಒಳ್ಳೇದು.

ಕ್ಯಾಪ್ ಆದ ಮೇಲೆ ಹೆಡ್ಡಿನ ತಳ. ಅಡುಗೆಮನೆಯ ಪೇಪರ್ ಟವೆಲ್ ಬರುತ್ತಲ್ಲ, ಅದನ್ನ ಮೂರ್ನಾಲ್ಕು ಮಡಿಕೆ ಮಾಡಿ ಉದ್ದ ಪಟ್ಟಿ ಮಾಡ್ಕೊಂಡು, ನೀರಿಂದ ಒದ್ದೆ ಮಾಡಿ, ಹಾಳೆ ಹೋಗೋ ದಾರಿ ಮೇಲೆ ಇಟ್ಟು ಹೆಡ್ಡನ್ನ ಅದರ ಮೇಲಕ್ಕೆ ಸರಿಸಿದೆ. ನೀರು ಉಗುರು ಬೆಚ್ಚಗಿದ್ರೆ ಇನ್ನೂ ಒಳ್ಳೇದು, ಕುದಿಯೋ ನೀರು ಖಂಡಿತ ಬೇಡ. ಪಟ್ಟಿ ಹೆಡ್ಡಿಗೆ ತಾಗ್ತಿರಬೇಕು, ಒತ್ತಬಾರದು, ಜೋರಾಗಿ ತಳ್ಳಿದ್ರೆ ತಳದ ತಗಡು ಗೀರಿಹೋಗುತ್ತೆ. ಅಲ್ಲಿಗೆ ನನ್ನ ಕೆಲಸ ಮುಗೀತು, ಇನ್ನು ಮಾಡೋದೆಲ್ಲ ನೀರು. ಮುಚ್ಚಳ ಮುಚ್ಚಿ ರಾತ್ರಿ ಪೂರ್ತಿ ಬಿಟ್ವಿ.

ಬೆಳಿಗ್ಗೆ ಆ ಪಟ್ಟಿ ತೆಗೆದು ನೋಡಿದಾಗ ಸಿಕ್ಕಿದ್ದು ಒಂದು ರಿಪೋರ್ಟ್ ಅಂತಲೇ ಹೇಳ್ಬೇಕು. ನಾಜಲ್ ಸಾಲುಗಳು ಇರೋ ಜಾಗಕ್ಕೆ ಸರಿಯಾಗಿ ಪೇಪರ್ ಮೇಲೆ ಬಣ್ಣದ ಪಟ್ಟೆಗಳು ಮೂಡಿದ್ವು. ಹಳದಿ, ಕೆಂಪು, ನೀಲಿ ಅಂಚಿಂದ ಅಂಚಿಗೆ ತುಂಬಿ ಬಂದಿದ್ವು, ಕಪ್ಪಿನ ಪಟ್ಟೆ ಮೇಲ್ಗಡೆ ಅರ್ಧ ಗಾಢವಾಗಿ, ಕೆಳಗಡೆ ಅರ್ಧ ಬೂದಿ ಬಣ್ಣಕ್ಕೆ ನಿಂತಿತ್ತು. ಅಂದ್ರೆ ಎಲ್ಲಿ ಇಂಕ್ ಇಳೀತಿದೆ, ಎಲ್ಲಿ ಇಳೀತಿಲ್ಲ ಅಂತ ಯಾವ ಸಾಫ್ಟ್‌ವೇರೂ ಇಲ್ಲದೆ ಗೊತ್ತಾಯ್ತು. ಕಪ್ಪೇ ಹಠ ಮಾಡೋದಕ್ಕೆ ಕಾರಣ ಇದೆ. ಎಷ್ಟೋ ಪ್ರಿಂಟರ್‌ಗಳಲ್ಲಿ ಬಣ್ಣದ ಇಂಕ್ ಡೈ, ನೀರಲ್ಲಿ ಕರಗಿರೋ ಬಣ್ಣ ಅದು, ಒಣಗಿದ್ರೂ ನೀರು ಮುಟ್ಟಿಸಿದ್ರೆ ಮತ್ತೆ ಕರಗುತ್ತೆ. ಕಪ್ಪು ಮಾತ್ರ ಪಿಗ್ಮೆಂಟ್, ಕರಗದ ಸಣ್ಣ ಕಣಗಳು ನೀರಲ್ಲಿ ತೇಲ್ತಿರುತ್ತವೆ, ಹಾಳೆ ಮೇಲೆ ನೀರು ಬಿದ್ರೂ ಅಳಿಸಬಾರದು ಅಂತಲೇ ಹಾಗೆ ಮಾಡಿರೋದು. ಅಮ್ಮನ ಹಾಳೆಗಳು ಕುಂಕುಮ, ತೀರ್ಥ ಎಲ್ಲ ತಾಗಿದ್ರೂ ಅಕ್ಷರ ಹರಡದೇ ಉಳಿಯೋದು ಅದರಿಂದ್ಲೇ, ಆದ್ರೆ ಅದೇ ಗುಣ ನಾಜಲ್ ಒಳಗೆ ಒಣಗಿದಾಗ ನಮಗೆ ತಿರುಗುತ್ತೆ, ಬೇಗ ಬಿಡಲ್ಲ. ಹೊಸ ಪಟ್ಟಿ ಒದ್ದೆ ಮಾಡಿ ಮತ್ತೆ ಇಟ್ಟೆ, ಮಾರನೇ ದಿನ ನೋಡಿ ಮತ್ತೆ ಇಟ್ಟೆ. ಮಧ್ಯ ಒಂದೊಂದೇ ಸಲ ಹೆಡ್ ಕ್ಲೀನಿಂಗ್, ಒಂದು ನಾಜಲ್ ಚೆಕ್. ನಾಜಲ್ ಚೆಕ್ ಹಾಳೇಲಿ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗೆರೆಗಳು ಬರುತ್ತವಲ್ಲ, ಕಪ್ಪಿನ ಮೆಟ್ಟಿಲಲ್ಲಿದ್ದ ಖಾಲಿ ಜಾಗ ದಿನ ದಿನಕ್ಕೆ ಕಮ್ಮಿ ಆಗ್ತಾ ಬಂತು, ಕೊನೆಗೆ ಒಂದೂ ಉಳೀಲಿಲ್ಲ. ಹಳದಿ ಗೆರೆ ಬಿಳಿ ಹಾಳೆ ಮೇಲೆ ಕಣ್ಣಿಗೆ ಕಾಣಲ್ಲ, ಮೊಬೈಲ್ ಸ್ಕ್ರೀನಲ್ಲಿ ಕಡು ನೀಲಿ ಚಿತ್ರ ಹಾಕಿ ಆ ಬೆಳಕಲ್ಲಿ ನೋಡಿದ್ರೆ ಎದ್ದು ಕಾಣುತ್ತೆ.

ಸಿರಿಂಜಿಗೆ ಟ್ಯೂಬ್ ಸಿಕ್ಕಿಸಿ ಹೆಡ್ ಒಳಗೆ ನೀರು ತಳ್ಳೋ ವಿಧಾನ ಒಂದಿದೆ, ರಿಪೇರಿಯವರು ಮಾಡೋದು ಅದನ್ನೇ, ಬೇಗ ಆಗುತ್ತೆ. ಅವರ ಕೈಗೆ ಅಭ್ಯಾಸ ಇರುತ್ತೆ. ಮನೇಲಿ ಅದನ್ನ ಮಾಡೋಕೆ ನಾನು ಹೇಳಲ್ಲ, ಸ್ವಲ್ಪ ಜೋರಾಗಿ ಒತ್ತಿದ್ರೂ ಒಳಗಿನ ಪದರ ಬಿಟ್ಟುಕೊಂಡು ಬಣ್ಣ ಬಣ್ಣ ಬೆರೆಯೋಕೆ ಶುರುವಾಗುತ್ತೆ, ಇಲ್ಲಾಂದ್ರೆ ನೀರು ಮೇಲಿನ ಕೇಬಲ್ ಜಾಯಿಂಟಿಗೆ ಇಳಿದು, ಆನ್ ಮಾಡಿದ ಕ್ಷಣಕ್ಕೆ ಹೆಡ್ಡೂ ಪ್ರಿಂಟರಿನ ಸರ್ಕ್ಯೂಟ್ ಬೋರ್ಡೂ ಒಟ್ಟಿಗೆ ಹೋಗುತ್ತೆ. ಒಣಗಿ ಕಟ್ಟಿದ್ದು ನೆನೆದು ಬಿಡೋದಕ್ಕೆ ಟೈಮ್ ಬೇಕು, ಆ ಟೈಮನ್ನ ಕೈ ಬಲದಿಂದ ಉಳಿಸೋಕೆ ಹೋಗೋದು ಬೇಡ. ಕ್ಯಾನನ್, ಎಚ್‌ಪಿಯ ಟ್ಯಾಂಕ್ ಪ್ರಿಂಟರ್ ಇರೋರಿಗೆ ಇನ್ನೂ ಸುಲಭ, ಹೆಚ್ಚಿನ ಮಾದರಿಗಳಲ್ಲಿ ಹೆಡ್ಡನ್ನೇ ಬಿಚ್ಚಿ ಕೈಗೆ ತಗೊಳ್ಳಬಹುದು, ತಳದ ತಗಡಷ್ಟೇ ಒದ್ದೆ ಟಿಶ್ಯೂ ಮೇಲೆ ನೆನೆಯೋ ಹಾಗೆ ಇಟ್ಟು, ತಾಮ್ರದ ಚುಕ್ಕೆಗಳಿರೋ ಕಡೆ ನೀರು ತಾಗಿದ್ರೆ ಪೂರ್ತಿ ಒಣಗಿಸಿ ಆಮೇಲೇ ವಾಪಸ್ ಹಾಕ್ಬೇಕು. ಆ ಹೆಡ್ಡು ಬಿಡಿಯಾಗಿ ಕೊಳ್ಳೋಕೂ ಸಿಗುತ್ತೆ.

ಗಾಳಿ ಸೇರ್ಕೊಂಡಿರೋದನ್ನೂ ಜನ ಕಟ್ಟಿಕೊಂಡಿದೆ ಅಂತ ತಿಳೀತಾರೆ. ಟ್ಯಾಂಕಲ್ಲಿ ಇಂಕ್ ಕೆಳಗಿನ ಗೆರೆಗಿಂತ ಇಳಿದ್ರೆ ಟ್ಯೂಬಿಗೆ ಗಾಳಿ ಹೋಗುತ್ತೆ, ಪಾರದರ್ಶಕ ಟ್ಯೂಬಾದ್ರೆ ಮಧ್ಯ ಮಧ್ಯ ಖಾಲಿ ತುಂಡು ಕಣ್ಣಿಗೇ ಕಾಣುತ್ತೆ. ಎರಡನ್ನೂ ಬೇರೆ ಮಾಡೋದು ನಾಜಲ್ ಚೆಕ್ಕಲ್ಲೇ. ಒಣಗಿ ಕಟ್ಟಿದ್ರೆ ಖಾಲಿ ಜಾಗ ಇದ್ದಲ್ಲೇ ಇರುತ್ತೆ, ನೆನೆದಂತೆ ಕಮ್ಮಿ ಆಗುತ್ತೆ. ಗಾಳಿ ಆದ್ರೆ ಒಂದು ಸಲ ಇಲ್ಲಿ ಖಾಲಿ, ಇನ್ನೊಂದು ಸಲ ಅಲ್ಲಿ ಖಾಲಿ, ಮೊದಲ ನಾಲ್ಕು ಸಾಲು ಚೆನ್ನಾಗಿ ಬಂದು ಆಮೇಲೆ ಮಾಸುತ್ತೆ. ಅದಕ್ಕೆ ಟ್ಯಾಂಕ್ ತುಂಬಿಸಿ ಅರ್ಧ ದಿನ ಸುಮ್ನೆ ಬಿಟ್ಟು ಗುಳ್ಳೆ ಮೇಲೇರೋಕೆ ಬಿಡ್ಬೇಕು, ಅದಕ್ಕೂ ಬಗ್ಗದಿದ್ರೆ ಮಾತ್ರ ಪವರ್ ಕ್ಲೀನಿಂಗ್.

ನಿಜವಾಗ್ಲೂ ಹೆಡ್ ಹೋಗಿರೋದು ಹೇಗಿರುತ್ತೆ ಅಂತ ನೋಡಿದ್ದು ಆಮೇಲೆ, ಅಮ್ಮನ ಮಂಡಳಿಯ ಒಬ್ಬರ ಮನೇಲಿ. ನಮ್ಮದು ಸರಿಯಾಗಿದ್ದು ಕೇಳಿ ಅವರೂ ಕರೆದ್ರು. ಅದರಲ್ಲಿ ಕಪ್ಪು ಒಂದು ಚೂರೂ ಬರ್ತಿರ್ಲಿಲ್ಲ, ಆದ್ರೆ ಒದ್ದೆ ಪಟ್ಟಿ ಇಟ್ಟು ತೆಗೆದ್ರೆ ಕಪ್ಪಿನ ಪಟ್ಟೆ ಅಂಚಿಂದ ಅಂಚಿಗೆ ಗಾಢವಾಗಿ ಮೂಡಿತ್ತು. ಇಂಕ್ ನಾಜಲ್‌ವರೆಗೂ ಸಲೀಸಾಗಿ ಬರ್ತಿದೆ, ಹನಿ ತಳ್ಳೋಕೆ ಕರೆಂಟ್ ಆದೇಶ ಬರ್ತಿಲ್ಲ ಅಂತ ಅರ್ಥ. ಹೆಡ್ಡಿಗೆ ಹೋಗೋ ಬಿಳಿ ಪಟ್ಟಿ ಕೇಬಲ್ಲನ್ನ ಪ್ಲಗ್ ಕಿತ್ತು ಬಿಚ್ಚಿ, ತುದಿ ಒಣಬಟ್ಟೇಲಿ ಒರೆಸಿ, ನೇರವಾಗಿ ಮತ್ತೆ ಕೂರಿಸಿ ನೋಡಿದ್ವಿ, ಕೆಲವು ಸಲ ಅಷ್ಟಕ್ಕೇ ಸರಿಹೋಗೋದುಂಟು, ಇದು ಹೋಗ್ಲಿಲ್ಲ. ಅಲ್ಲಿ ನೀರು ಎಷ್ಟು ದಿನ ಇಟ್ರೂ ಉಪಯೋಗ ಇಲ್ಲ, ಹೆಡ್ಡೋ ಬೋರ್ಡೋ ಸುಟ್ಟಿದೆ, ಅಂಗಡಿಯವರು ಹೇಳೋ ಮಾತು ಇಲ್ಲಿ ನಿಜ. ಮಿಕ್ಕ ಮೂರು ಬಣ್ಣ ಚೆನ್ನಾಗಿದ್ವು, ಸ್ಕ್ಯಾನರೂ ನಡೀತಿತ್ತು, ಬಿಸಾಡೋಕೆ ಅವರಿಗೂ ಮನಸ್ಸಿರ್ಲಿಲ್ಲ. ಹಾಗಾಗಿ ಅವರ ಹಾಡಿನ ಫೈಲುಗಳಲ್ಲೆಲ್ಲ ಅಕ್ಷರದ ಬಣ್ಣ ಕಪ್ಪಿದ್ದಿದ್ದನ್ನ ಗಾಢ ನೀಲಿಗೆ ಬದಲಾಯಿಸಿ ಕೊಟ್ಟೆ, ಆಗ ಪ್ರಿಂಟರ್ ಬಣ್ಣದ ಇಂಕುಗಳನ್ನೇ ಬೆರೆಸಿ ಅಕ್ಷರ ಹಾಕುತ್ತೆ, ಒತ್ತು, ಗೀರು ಎಲ್ಲ ಸ್ಪಷ್ಟವಾಗಿ ಬರ್ತಿದೆ. ಆ ಇಂಕ್ ಡೈ ಆಗಿರೋದ್ರಿಂದ ನೀರು ಬಿದ್ರೆ ಹರಡುತ್ತೆ, ಹಾಳೆಗಳನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಇಟ್ಕೊಳ್ಳಿ ಅಂದಿದೀನಿ. ಕಪ್ಪು ಪ್ರಿಂಟಿಗೆ ಬರದಿದ್ರೂ ಪ್ರತಿ ಕ್ಲೀನಿಂಗಲ್ಲಿ ಖರ್ಚಾಗ್ತಾನೇ ಇರುತ್ತೆ, ಆ ಟ್ಯಾಂಕ್ ಖಾಲಿಯಾಗೋಕೆ ಬಿಡಬೇಡಿ ಅಂತಲೂ ಹೇಳಿ ಬಂದೆ.